ಕಾರು ಕಲಿತ ಚಾಳಿ

ಮನೆಯಿಂದ,
ತಾರೀಖು ೧೪, ಶುಕ್ರವಾರ ಮಧ್ಯಾಹ್ನ

ಮುನಿಸಿಕೊಂಡು ತವರಿಗೆ ಹೋಗಿರುವ ನನ್ನ ಮುದ್ದಿನ ಸೊಸೆಗೆ,

ಹೇಗಿದ್ದೀಯಮ್ಮ? ಹೋಗುವಾಗ ಹಿಡಿದಿದ್ದ ಕೆಮ್ಮು ಬಿಟ್ಟಿತೇ? ನಿನ್ನ ತಾಯಿಯವರ ಮಂಡಿನೋವು ಹೇಗಿದೆ? ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯೋಣವೆಂದರೆ ಕೈ ಒಪ್ಪುತ್ತಿಲ್ಲ. ನನ್ನ ಸಕ್ಕರೆ ಕಾಯಿಲೆ ಹಿಡಿತದಲ್ಲಿದೆ, ನಾಲಗೆ ಮಾತ್ರ ಇಲ್ಲ. ನಿನ್ನ ಗಂಡ ಆಫೀಸಿಗೆ ಹೋಗುತ್ತಾನೆ, ಬರುತ್ತಾನೆ, ತಟ್ಟೆಯ ಮುಂದೆ ಕೂತು ಗೋಡೆ ನೋಡುತ್ತಾನೆ. ನೀನು ಬಾಲ್ಕನಿಯಲ್ಲಿ ಒಣಹಾಕಿ ಹೋದ ಹಳದಿ ಟವೆಲು ಇನ್ನೂ ಅಲ್ಲೇ ಇದೆ. ತೆಗೆಯಲು ಹೋದರೆ ನನ್ನ ಮೇಲೆ ಹರಿಹಾಯುತ್ತಾನೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ.

ಆ ಕಾರಿನ ಸುದ್ದಿ ಬರೆಯಲು ಹೇಸಿಗೆಯಾಗುತ್ತದೆ, ಆದರೂ ಬರೆಯಲೇಬೇಕು. ಕ್ಲಚ್ ತುಳಿಯುವ ರಗಳೆಯಿಲ್ಲ, ಗೇರು ತಾನಾಗಿಯೇ ಬೀಳುತ್ತದೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎಂದು ಷೋರೂಮಿನವರು ಹಾಡಿ ಹೊಗಳಿ ನಮ್ಮ ತಲೆಗೆ ಕಟ್ಟಿದರು. ತಿಂಗಳು ತುಂಬುವುದರೊಳಗೆ ಏರು ಬಂದಲ್ಲೆಲ್ಲ ಕತ್ತೆಯ ಹಾಗೆ ಒದೆಯತೊಡಗಿತು. ಸರ್ವಿಸ್ ಸೆಂಟರಿನ ಆ ಟೈ ಕಟ್ಟಿದವನು, ನೀನೇ ‘ಹಲ್ಲುಪುಡಿ’ ಎಂದು ಹೆಸರಿಟ್ಟಿದ್ದೆಯಲ್ಲ, ಅವನು ಹಲ್ಲು ಕಿರಿದುಕೊಂಡು “ಗೇರ್‌ಬಾಕ್ಸ್‌ಗೆ ಏನೂ ಆಗಿಲ್ಲ ಸಾರ್, ಅದು ಓಡಿಸೋರ ಕಾಲಿನ ಅಭ್ಯಾಸ ಕಲ್ತ್ಕೊಳ್ಳುತ್ತೆ. ಮನೇಲಿ ಇನ್ಯಾರು ಓಡಿಸ್ತಾರೆ?” ಎಂದ. ನನ್ನ ಕುಲಪುತ್ರ ಮನೆಗೆ ಬಂದವನೇ “ಎಲ್ಲಾ ನಿನ್ನ ಕಾಲಿಂದಾನೇ ಹಾಳಾಗಿದ್ದು” ಎಂದು ನಿನ್ನ ಕೈಯಿಂದ ಕೀಲಿ ಕಿತ್ತುಕೊಂಡ. ಮದುವೆಗೆ ಮುಂಚಿನಿಂದಲೂ ನಿಮ್ಮಪ್ಪನ ಹಳೇ ಕಾರನ್ನು ಒಂದು ಗೀರು ಬೀಳದ ಹಾಗೆ ಓಡಿಸಿದವಳು ನೀನು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಾನೂ ಹರೆಯದಿಂದ ಹೊಲಿಗೆ ಯಂತ್ರ ತುಳಿದವಳೇ. ಯಂತ್ರ ಹೊಲಿಗೆ ಬಿಟ್ಟರೆ ಯಂತ್ರ ಬಿಚ್ಚುತ್ತೇನೆಯೇ ಹೊರತು ಗಿರಾಕಿಯ ಸೊಂಟವನ್ನು ಬೈಯುವುದಿಲ್ಲ. ಅಂದೂ ಅವನಿಗೆ ಇದನ್ನೇ ಹೇಳಿದೆ. ಕೇಳಲಿಲ್ಲ, ನೀನು ಚೀಲ ಹಿಡಿದು ಹೊರಟೆ.

ನೀನು ಹೋದಮೇಲೆ ಸರ್ವಿಸ್ ಸೆಂಟರಿನವರು, ಗೇರ್‌ಬಾಕ್ಸಿನ ನೆನಪನ್ನೆಲ್ಲ ಅಳಿಸಿದ್ದೇವೆ, ಇನ್ನು ಒಬ್ಬರೇ ಓಡಿಸಿ ಎಂದರು. ಇವನು ತಲೆಯ ಮೇಲೆ ತುಂಬಿದ ಕೊಡ ಹೊತ್ತವನ ಹಾಗೆ ಓಡಿಸಿದ. ಕಳೆದ ಭಾನುವಾರ ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದಾಗ ಸೇತುವೆಯ ಏರಿನ ನಡುವೆ ಕಾರು ಒಮ್ಮೆ ನರಳಿ ನಿಂತಿತು, ಆಮೇಲೆ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಹಿಂದೆ ಇಟ್ಟಿಗೆ ತುಂಬಿದ ಲಾರಿ. ಇವನು ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನು ಅರಚುತ್ತಿದೆ, ಚಕ್ರಕ್ಕೆ ಮಾತ್ರ ಅದರ ಗೊಡವೆಯೇ ಇಲ್ಲ. ಬ್ರೇಕು ಹಿಡಿದದ್ದಕ್ಕೆ ಇವತ್ತು ಈ ಕಾಗದ ಬರೆಯುತ್ತಿದ್ದೇನೆ. ಜೀವ ಬಾಯಿಗೆ ಬಂದಿತ್ತಮ್ಮ.

ಮರುದಿನ ಸರ್ವಿಸ್ ಸೆಂಟರಿನಲ್ಲಿ ಹಲ್ಲುಪುಡಿ ಏನೆಂದ ಗೊತ್ತೇ? ಕಾರು ಈಗ ಇವನ ಚಾಳಿ ಕಲಿತಿದೆಯಂತೆ! ಥೂ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕಾಯುವ ಕೋಣೆಯಲ್ಲಿ ಅದೇ ಕಾರಿನವರು ಇನ್ನೂ ಐದಾರು ಮಂದಿ ಇದ್ದರು. ಒಬ್ಬರಿಗೆ ಮಗನ ಕಾಲು ಸರಿಯಿಲ್ಲ ಎಂದಿದ್ದರು, ಇನ್ನೊಬ್ಬರಿಗೆ ತಮ್ಮನದು. ಮೂಲೆಯಲ್ಲಿ ಒಬ್ಬ ಟೀಚರಮ್ಮ ಕೂತಿದ್ದರು. ಗಂಡ ತೀರಿಕೊಂಡು ವರ್ಷವಾಗಿದೆ. ಕಾರು ನಿಮ್ಮ ಯಜಮಾನರ ಅಭ್ಯಾಸ ಕಲಿತುಬಿಟ್ಟಿದೆ, ಅಳಿಸಿಬಿಡೋಣವೇ ಎಂದು ಅವರನ್ನು ಕೇಳಿದ್ದರಂತೆ. ಅವರು ಬೇಡವೆಂದಿದ್ದರು. ಏರಿನಲ್ಲಿ ಕಾರು ಒದ್ದಾಗಲೆಲ್ಲ ತೀರಿಕೊಂಡ ಯಜಮಾನರೇ ಪಕ್ಕದಲ್ಲಿ ಕೂತು ಅವಸರ ಮಾಡುತ್ತಿದ್ದಾರೆ ಎಂದುಕೊಂಡು, ಹೆದರಿಕೆಯಾದರೂ ಸಹಿಸಿಕೊಂಡು ಓಡಿಸುತ್ತಿದ್ದರಂತೆ. ಅಷ್ಟರಲ್ಲಿ ನಾವೆಲ್ಲ ನಮ್ಮ ನಮ್ಮ ಕಾರು ಎಲ್ಲಿ ಒದೆಯುತ್ತದೆ ಎಂದು ಹೇಳಿಕೊಂಡೆವು. ಎಲ್ಲರದೂ ಏರಿನಲ್ಲೇ, ಎರಡರಿಂದ ಮೂರನೇ ಗೇರಿಗೆ ಬೀಳುವಾಗಲೇ. ಟೀಚರಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿ, “ಹಾಗಾದ್ರೆ ಅದು ಅವರಲ್ವಾ?” ಎಂದು ಕೇಳಿದರು. ಸತ್ತವನ ಕಾಲನ್ನೂ ಬಿಡದ ಈ ಜನರನ್ನು ಏನೆಂದು ಬೈಯಲಿ? ಬಯ್ಗುಳಕ್ಕೂ ಒಂದು ಮರ್ಯಾದೆ ಇದೆ.

ನಿನ್ನ ಗಂಡ ಎದ್ದು ಹೊರಗೆ ಹೋದ. ಹೋಗಿ ನೋಡಿದರೆ ಕಾರಿನಲ್ಲಿ, ನೀನು ಕೂರುವ ಸೀಟಿನಲ್ಲಿ ಕೂತಿದ್ದಾನೆ. “ಅಮ್ಮಾ, ಅವಳ ಕಾಲಿನ ತಪ್ಪು ಅಲ್ವೇ ಅಲ್ಲ” ಎಂದ. ಇದನ್ನು ನನಗೆ ಹೇಳಿ ಏನು ಬಂತು, ಅವಳಿಗೆ ಹೇಳು ಎಂದೆ. ಅಂದಿನಿಂದ ದಿನಕ್ಕೆ ಹತ್ತು ಸಲ ಫೋನು ಕೈಗೆತ್ತಿಕೊಂಡು ಕೆಳಗಿಡುತ್ತಾನೆ. ಕಾರಿನ ನೆನಪು ಮತ್ತೊಮ್ಮೆ ಅಳಿಸಿ ಕಳಿಸಿದ್ದಾರೆ. ಮನೆಯ ಮುಂದೆ ನಿಂತಿದೆ, ನೋಡಿದರೆ ವಾಕರಿಕೆ ಬರುತ್ತದೆ.

ನಿನ್ನ ತಂದೆತಾಯಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕಾಲಿಗೆ ಯಾರ ದೃಷ್ಟಿಯೂ ತಾಗದಿರಲಿ, ನೂರು ಕಾಲ ಬಾಳು.

ಇಂತಿ ನಿನ್ನ ಅತ್ತೆ

ತಾ.ಕ.: ಟಪಾಲಿನವನು ಬರುವ ಹೊತ್ತಾಯಿತು, ಬೇಗ ಬರೆದುಬಿಡುತ್ತೇನೆ. ಲಕೋಟೆಯಲ್ಲಿ ಬಟ್ಟೆಯೊಳಗೆ ಸುತ್ತಿಟ್ಟಿರುವುದು ಕಾರಿನ ಕೀಲಿಗಳು, ಎರಡೂ. ನಾಳೆಯಲ್ಲ, ಮುಂದಿನ ಶನಿವಾರ ನಾವು ಅಷ್ಟೂ ಮಂದಿ ಕಾರುಗಳನ್ನು ಷೋರೂಮಿನ ಬಾಗಿಲಿಗೆ ಅಡ್ಡ ನಿಲ್ಲಿಸಿ ನಡೆದು ಬರುವುದೆಂದು ಮಾತಾಗಿದೆ. ಟೀಚರಮ್ಮ ತಮ್ಮ ಕಾರೇ ಮೊದಲು ಇರಲಿ ಎಂದಿದ್ದಾರೆ. ಇವನು ಬೆಳಿಗ್ಗೆಯಿಂದ ಕೀಲಿ ಹುಡುಕುತ್ತಾ ಮನೆಯೆಲ್ಲ ಬುಡಮೇಲು ಮಾಡಿದ್ದಾನೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಕೀಲಿ ಎಲ್ಲಿದೆ ಎಂದು ಹೇಳುತ್ತೇನೆ, ಬಸ್ಸು ಹತ್ತಿ ಓಡಿ ಬರುತ್ತಾನೆ. ಬಂದು ಕೀಲಿ ಕೇಳಿದರೆ ಕೊಡಬೇಡ. ತಪ್ಪು ನಿನ್ನದಲ್ಲ ಎಂದು ನಿನ್ನ ಅಪ್ಪ ಅಮ್ಮನ ಎದುರು ಬಾಯಿಬಿಟ್ಟು ಹೇಳಲಿ. ಹೇಳಿದರೂ ಕೊಡಬೇಡ. ಶನಿವಾರ ಕಾರು ಓಡಿಸುವವಳು ನೀನು. ಅವನು ಹಿಂದಿನ ಸೀಟಿನಲ್ಲಿ ಕೂರಲಿ, ನಾನು ಮುಂದೆ ನಿನ್ನ ಪಕ್ಕ ಕೂರುತ್ತೇನೆ.