ಮಾವ ಮುಚ್ಚಿದ ಸಂದು

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಅಮ್ಮಾ,

ಬದುಕಿದೆ! ಮಾವನಿಗೆ ನನ್ನನ್ನು ಕಂಡರೆ ಆಗುವುದಿಲ್ಲ ಎಂದು ಫೋನಿನಲ್ಲಿ ಅತ್ತಿದ್ದೆನಲ್ಲ, ಅದನ್ನೆಲ್ಲ ಮರೆತುಬಿಡು.

ಹೊಸ ಮನೆಯ ಹಾಲ್‌ಗೆ ನಾನು ಆಸೆಪಟ್ಟು ಶ್ಯಾಡೋ ಗ್ಯಾಪ್ ಮಾಡಿಸಿದ್ದೆ. ಎಂದರೆ, ಗೋಡೆ ಮತ್ತು ಸೀಲಿಂಗ್ ಕೂಡುವ ಕಡೆ ಪಟ್ಟಿ ಗಿಟ್ಟಿ ಏನೂ ಬಡಿಯದೆ ಬೆರಳಗಲದ ಸಂದು ಬಿಡುವುದು. ಅದರೊಳಗೆ ನೆರಳು ಕಪ್ಪು ಗೆರೆಯಂತೆ ನಿಲ್ಲುತ್ತದೆ, ಸೀಲಿಂಗ್ ತೇಲುತ್ತಿರುವಂತೆ ಕಾಣುತ್ತದೆ. ಎಷ್ಟು ಚೆಂದ ಗೊತ್ತಾ! ಗೋಡೆಯ ಗಾರೆ ಮಾತ್ರ ಮಾವನದೇ. ನಲವತ್ತು ವರ್ಷ ಪಳಗಿದ ಕೈ.

ಮಂಗಳವಾರ ನಾವಿಬ್ಬರೂ ಆಫೀಸಿನಿಂದ ಬಂದು ನೋಡುತ್ತೇವೆ, ಸಂದೇ ಇಲ್ಲ! ಮಾವ ಒಬ್ಬರೇ ಏಣಿ ಹತ್ತಿ, ಈ ಮೂಲೆಯಿಂದ ಆ ಮೂಲೆಯವರೆಗೆ ಪುಟ್ಟಿ ಮೆತ್ತಿ ಮುಚ್ಚಿಬಿಟ್ಟಿದ್ದರು. ಕೇಳಿದರೆ, ತೂತು ಒಲೆ ಕೆಡಿಸ್ತು ಅಂತಾರಲ್ಲಮ್ಮ, ಗಾರೆಯವನ ಮನೇಲೇ ಸಂದಿ ಬಾಯಿ ಬಿಟ್ಕೊಂಡಿದ್ರೆ ಜನ ನಗಲ್ವಾ ಅಂದರು. ನಾನು ಸುಮ್ಮನಿರಬಾರದಿತ್ತೇ? ಇದು ನನ್ನ ಮನೆ ಮಾವ, ನಿಮ್ಮ ಸೈಟಲ್ಲ ಎಂದುಬಿಟ್ಟೆ. ಮಾತು ಮನೆ ಕೆಡಿಸಿತು ಎಂಬ ಗಾದೆಯ ಉಳಿದರ್ಧವನ್ನು ನಾನು ಪೂರ್ತಿ ಮಾಡಿದ ಹಾಗಾಯಿತು. ಅವರು ಕರಣೆ ತೊಳೆದಿಟ್ಟು ಹೋದವರು ಮತ್ತೆ ಇತ್ತ ತಲೆ ಹಾಕಲಿಲ್ಲ. ಪಾಪ, ಇವರು ನಮ್ಮಿಬ್ಬರ ನಡುವೆ ಅಡಕತ್ತರಿಗೆ ಸಿಕ್ಕಿದ್ದರು.

ನಿನ್ನೆ ನಾನೇ ಅವರ ಮನೆಗೆ ಹೋಗಿ ತಪ್ಪಾಯ್ತು ಎಂದೆ. ಮಾವ ಬಲಗೈ ಚಾಚಿದರು. ಅಮ್ಮಾ, ಬೆರಳುಗಳು ನಡುಗುತ್ತಿದ್ದವು. ಮಾವನೇ, ಸೀಲಿಂಗ್ ಅಂಚು ನೆಟ್ಟಗಿತ್ತು ಕಣಮ್ಮ, ಸೊಟ್ಟ ಇದ್ದಿದ್ದು ನನ್ನ ಗೋಡೆ. ಅದಕ್ಕೇ ಸಂದು ಒಂದ್ಕಡೆ ದಪ್ಪ, ಒಂದ್ಕಡೆ ಸಣ್ಣ ಕಾಣ್ತಿತ್ತು. ಮಗ ನೋಡಿದ್ರೆ ಇನ್ನು ಕೆಲಸ ಸಾಕು ಅಂತಾನೆ, ಹೆದರ್ಕೊಂಡು ಮುಚ್ಚಿದೆ ಅಂದರು. ನನ್ನ ಮೇಲೆ ಕೋಪವೇ ಇರಲಿಲ್ಲವಂತೆ! ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಸಂಜೆಯೇ ಡಾಕ್ಟರ ಬಳಿ ಕರೆದುಕೊಂಡು ಹೋದೆ. ವಯಸ್ಸಿನ ನಡುಕ, ಹೆದರುವಂಥದ್ದೇನಿಲ್ಲ, ಮಾತ್ರೆ ತಗೊಳ್ಳಿ, ಕೆಲಸ ಬಿಡಬೇಡಿ ಅಂದರು. ನನಗಂತೂ ಹೋದ ಜೀವ ಬಂದಂತಾಯಿತು.

ಇವತ್ತು ಬೆಳಿಗ್ಗೆ ಇವರು ಹೊರಗೆ ಹೋಗಿದ್ದಾಗ ನಾವಿಬ್ಬರೂ ಪುಟ್ಟಿ ಕೆರೆದು, ಗೋಡೆಯ ಅಂಚನ್ನು ನೂಲು ಹಿಡಿದು ಸರಿಮಾಡಿದೆವು. ಮಾವ ಕೆಳಗೆ ನಿಂತು ಬೈದರು, ನಾನು ಏಣಿಯ ಮೇಲೆ ಕರಣೆ ಹಿಡಿದು ಬೈಸಿಕೊಂಡೆ. ಉಗುರಿಗೆ ಬಣ್ಣ ಹಚ್ಚೋ ಹಾಗೆ ಹಚ್ತೀಯಲ್ಲ ತಾಯಿ, ಗೋಡೆ ಏನು ಮದುಮಗಳಾ ಅಂತೆ! ಇಷ್ಟು ಖುಷಿಯಿಂದ ನಾನು ಯಾವತ್ತೂ ಬೈಸಿಕೊಂಡಿಲ್ಲ.

ಮೈಯೆಲ್ಲ ಸಿಮೆಂಟಾಗಿರುವ
ನಿನ್ನ ಮಗಳು

ತಾ.ಕ.: ಕಿಟಕಿಯ ಮೇಲ್ಗಡೆ ಗೋಡೆ ಇನ್ನೂ ಸ್ವಲ್ಪ ಸೊಟ್ಟ ಇದೆ. ಅದು ಮಾವನ ಕೈಯದು. ಕೈಯ ವಿಷಯ ತಾವೇ ಮಗನಿಗೆ ಹೇಳುತ್ತಾರಂತೆ, ಅಲ್ಲಿಯವರೆಗೆ ಆ ಸೊಟ್ಟ ನನ್ನದು ಎಂದು ಇವರಿಗೆ ಹೇಳಿದ್ದೇನೆ. ನೀನು ಬಂದಾಗ ಎಲ್ಲರೆದುರು ನನ್ನನ್ನೇ ಬೈ. ಜೋರಾಗಿ ಬೈ.