ಲಕ್ಷ ಮುಟ್ಟದ ತುಂಬೆ

5 ನವೆಂಬರ್ 2024, ಬೆಳಿಗ್ಗೆ
ಇವತ್ತೂ ಸಿಗಲಿಲ್ಲ. ಇಟ್ಟಿಗಿಯ ನಮ್ಮ ಹೊಲದ ಬದುವಿನ ಉದ್ದಕ್ಕೂ ತುಂಬೆ ಹೂ. ಅದರ ಮೇಲೆ ಹಾಡುಹಗಲೇ ಹಾರುವ ಪತಂಗ — ಜೀರಿಗೆ ಕಾಳಿನಷ್ಟು, ಕಪ್ಪು. ಮೊಬೈಲ್ ಹತ್ತಿರ ಒಯ್ದರೆ ಮಾಯ. ಫೋಟೊ ಎಲ್ಲ ಬ್ಲರ್. ರೆಕ್ಕೆ ಬಿಚ್ಚಿದ್ದು ಬೇಕು, ಆಗಲೇ ಹೆಸರು ಹೇಳಬಹುದು ಅಂತ ಚಿಟ್ಟೆ-ಪತಂಗ ಗುರುತಿಸುವ ವಾಟ್ಸಾಪ್ ಗ್ರೂಪಿನವರು. ಗೀತಾಂಜಲಿ ಹಾಸಿಗೆಯಿಂದಲೇ ಬೈದಳು. ಕಿಮೊ ಆದ ಮೇಲೆ ನನ್ನ ಹೆಂಡತಿಗೆ ಉಳಿದಿರುವ ಹಟ ಇದೊಂದೇ, ಆ ಪತಂಗವನ್ನು ನೋಡಬೇಕು. ಹೂವಿನ ವ್ಯಾಪಾರಿ ನಾನು. ಹೂವಿನ ಮೇಲೆ ಕೂತದ್ದನ್ನು ನೋಡಲು ಕಲಿಸಿದವಳು ಅವಳು.

9 ನವೆಂಬರ್
ಅತ್ತೆ ನಾಗಲಿಂಗಮ್ಮ ಹರಕೆ ಹೊತ್ತಿದ್ದಾರೆ. ಮಗಳು ಎದ್ದು ಓಡಾಡಲಿ ಅಂತ, ಕಾರ್ತಿಕದಲ್ಲಿ ಈಶ್ವರನಿಗೆ ಲಕ್ಷ ತುಂಬೆ. ಹಡಗಲಿಯಿಂದ ಬುಟ್ಟಿಗಟ್ಟಲೆ ಕಾಕಡ ಮಲ್ಲಿಗೆ ತರುತ್ತೇನೆ ಅಂದೆ. ತುಂಬೆಯೇ ಆಗಬೇಕಂತೆ. ಓಣಿಯ ಹೆಂಗಸರೆಲ್ಲ ಬದುವಿಗೆ ಇಳಿದಿದ್ದಾರೆ. ಅರ್ಧ ಬದುವಿನಲ್ಲಿ ಆಗಲೇ ಹೂವಿಲ್ಲ.

ಅದೇ ದಿನ, ಸಂಜೆ
ಹೂ ಹೋದರೆ ಪತಂಗವೂ ಬರುವುದಿಲ್ಲ ಅಂತ ಗೀತಾಂಜಲಿಗೆ ಹೇಳಿದೆ. ಅಂದಳು —
"ಉಳಿದ ಹೂವಾದ್ರೂ ಹಂಗ ಇರ್ಲಿ ಅನ್ರಿ ಅವ್ವಗ. ದೇವ್ರಿಗೆ ನಾ ಹೇಳ್ಕೊಂತೀನಿ."
ಅತ್ತೆ ಅತ್ತರು. ನಾನೂ ಬೇಡಿಕೊಂಡೆ. ಕೊನೆಗೆ ಬುಟ್ಟಿ ಕೆಳಗಿಟ್ಟರು. ಹರಕೆ ಅರ್ಧಕ್ಕೇ ನಿಂತಿತು.

13 ನವೆಂಬರ್
ಸಿಕ್ಕಿತು. ಎಳೆ ಬಿಸಿಲಿಗೆ ರೆಕ್ಕೆ ಬಿಚ್ಚಿ ಕೂತಿತ್ತು. ಹಿಂದಿನ ರೆಕ್ಕೆಯಲ್ಲಿ ಕಿತ್ತಳೆ ಪಟ್ಟಿ. ಗೀತಾಂಜಲಿ ಫೋಟೊ ದೊಡ್ಡದು ಮಾಡಿ, ಸಣ್ಣದು ಮಾಡಿ, ಮತ್ತೆ ದೊಡ್ಡದು ಮಾಡಿ... ನಕ್ಕಳು. ಎಷ್ಟು ದಿನವಾಗಿತ್ತು ಆ ನಗು ನೋಡಿ. ಗ್ರೂಪಿಗೆ ತಾನೇ ಕಳಿಸಿದಳು. ಅರ್ಧ ಇಡ್ಲಿ ತಿಂದಳು.

24 ನವೆಂಬರ್
ಗೀತಾಂಜಲಿಯನ್ನು ಮಣ್ಣು ಮಾಡಿ ಬಂದ ಮೇಲೆ ಇವತ್ತೇ ಪೆನ್ನು ಹಿಡಿದದ್ದು. ಉಳಿಯುವುದಿಲ್ಲ ಅಂತ ಡಾಕ್ಟರು ನನ್ನೊಬ್ಬನಿಗೆ ಮೊದಲೇ ಹೇಳಿದ್ದರು. ಅತ್ತೆಗೆ ಹೇಳಲು ಬಾಯಿ ಬಂದಿರಲಿಲ್ಲ.
ಅವರು ಇವತ್ತು ಅಂದರು: "ಲಕ್ಷ ಪೂರಾ ಆಗಿದ್ರ ನನ್ನ ಮಗಳು ಉಳೀತಿದ್ಲು. ಒಂದು ಹುಳದ ಸಲುವಾಗಿ ಬಿಟ್ವಿ."
ಹರಕೆ, ಪೂಜೆ ಯಾವುದನ್ನೂ ನಂಬದವನು ನಾನು. ಆದರೂ ಬದುವಿನಲ್ಲಿ ಇನ್ನೆಷ್ಟು ಹೂ ಉಳಿದಿತ್ತು ಅಂತ ಲೆಕ್ಕ ಹಾಕಿದೆ.
ಗ್ರೂಪಿನಲ್ಲಿ ಪತಂಗದ ಹೆಸರು ಬಂದಿದೆಯಂತೆ. ತೆರೆದಿಲ್ಲ. ಅವಳಿಲ್ಲದೆ ನಾನೊಬ್ಬನೇ ಹೇಗೆ ಓದಲಿ.

25 ನವೆಂಬರ್, ಸೋಮವಾರ
ಕಾರ್ತಿಕದ ಕೊನೆಯ ಸೋಮವಾರ. ಅತ್ತೆ ಬುಟ್ಟಿ ಹಿಡಿದು ಬದುವಿಗೆ ಹೊರಟರು. ದೇವರ ಬಾಕಿ ಇಟ್ಟುಕೊಳ್ಳಬಾರದಂತೆ. ನಾನೂ ಹೋದೆ. ಇಬ್ಬರೂ ಹೂ ಹರಿದೆವು. ಒಂದು ಗಿಡದ ಮುಂದೆ ಅವರ ಕೈ ನಿಂತಿತು. ಹೂವಿನ ಮೇಲೆ ಅದೇ.
"ಇದ ಏನ್ರಿ, ಆಕಿ ನೋಡ್ಬೇಕಂದಿದ್ದು?"
ಹೌದು ಅಂದೆ. ಬಗ್ಗಿ ನೋಡಿದರು. "ಇಷ್ಟ ಸಣ್ಣದು," ಅಂದರು. ಅದು ಹಾರಿಹೋಯಿತು. ಅತ್ತೆ ಆ ಹೂವನ್ನೂ ಹರಿದರು. ನಾನು ಬುಟ್ಟಿ ಮುಂದೆ ಹಿಡಿದೆ.