ತೊಗರಿಗೆ ಬೇಕಾದ ಬಿಸಿ

ಸೇಡಂ, 18 ಜುಲೈ 2006

ಪದ್ಮಜಕ್ಕನಿಗೆ ಪ್ರಹ್ಲಾದನ ನಮಸ್ಕಾರ.

ಊರಿನ ಕಸ ಸುಟ್ಟರೆ ಎಷ್ಟು ಬಿಸಿ ಸಿಗುತ್ತದೆ, ಅದು ಯಾರಿಗೆ ಬೇಕು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಇಲ್ಲಿ ನನ್ನ ಕೆಲಸ. ಸಾಫ್ಟ್‌ವೇರು ಹಿಮ ಬೀಳುವ ದೇಶದ್ದು. ಆ ಬಿಸಿಯಿಂದ ಮನೆಗಳನ್ನು ಬೆಚ್ಚಗಿಡಬಹುದು ಎನ್ನುತ್ತದೆ. ಇದನ್ನು ಕೇಳಿ ದಾಲ್ ಮಿಲ್ಲಿನ ರೇವಣಸಿದ್ದಪ್ಪ ನಕ್ಕರು. "ಸೇಡಂದಾಗ ಬಿಸಿ ಮಾರ್ಲಿಕ್ಕೆ ಬಂದೀರೇನ್ರಿ ಸಾಹೇಬ್ರ? ನಮ್ದೇ ಒಯ್ರಿ, ಪುಕ್ಕಟ ಕೊಡ್ತೀವಿ."

ಬೇಡಿಕೆ ಇಲ್ಲ ಎಂದು ಬರೆದು ಕಸ ಸುಡುವ ಯೋಜನೆಯನ್ನೇ ಮುಚ್ಚಿಸುವವನಿದ್ದೆ. ಅಷ್ಟರಲ್ಲಿ ಮಿಲ್ಲಿನಲ್ಲಿ ಕೂಲಿ ಮಾಡುವ ಸುಂದರಬಾಯಿ ನನ್ನನ್ನು ತಾರಸಿಗೆ ಕರೆದೊಯ್ದರು. ಸಿಪ್ಪೆ ಸಡಿಲವಾಗಲೆಂದು ಎಣ್ಣೆ, ನೀರು ಹಚ್ಚಿದ ತೊಗರಿ ಅಲ್ಲೆಲ್ಲ ಹರಡಿತ್ತು, ಮೇಲೆ ಬರೀ ಮೋಡ. "ನಾಕ್ ದಿನ ಆಯ್ತ್ರಿ, ಒಣಗವಲ್ದು. ಒಣಗಲಿಲ್ಲಂದ್ರ ಮಿಲ್ ಬಂದ್. ಹನ್ನೆರಡು ಮಂದಿ ಹೆಣ್ಮಕ್ಳು ಕೂಲಿ ಇಲ್ದ ಮನ್ಯಾಗ ಕುಂದರ್ತೀವಿ. ನಿಮ್ಮ ಬಿಸಿ ಇಲ್ಲಿಗಿ ಬರ್ತದೇನ್ರಿ?"

ಬರುತ್ತದೆ. ಮಳೆಗಾಲದ ತಿಂಗಳುಗಳ ಮುಂದೆ ನಾನು ಸೊನ್ನೆ ಹಾಕಿದ್ದ ಕಡೆ ಒಣಗಬೇಕಾದ ತೊಗರಿಯ ತೂಕ ತುಂಬಿ ಮತ್ತೆ ಲೆಕ್ಕ ಮಾಡಿಸಿದೆ. ಮುಕ್ಕಾಲು ಪಾಲು ಬಿಸಿಗೆ ಕೆಲಸ ಸಿಕ್ಕಿತು. ಯೋಜನೆ ಉಳಿಯಲಿ ಎಂದೇ ವರದಿ ಕಳಿಸಿದ್ದೇನೆ. ಹೇಳಿದಾಗ ಸುಂದರಬಾಯಿ, "ಹಂಗಾದ್ರ ಇನ್ನ ಮ್ಯಾಲೆ ಸೂರ್ಯಗಲ್ಲ, ಕಸಕ್ಕ ಕೈ ಮುಗೀಬೇಕು ನಾವು," ಎಂದರು.

ಬಿಪಿ ಗುಳಿಗೆ ತಪ್ಪಿಸಿಲ್ಲ. ಜೋಳದ ರೊಟ್ಟಿ ಹೊಟ್ಟೆಗೆ ಒಗ್ಗಿದೆ. ಅಂಚೆಯವರು ಡಬ್ಬಿ ತೆರೆಯುತ್ತಿದ್ದಾರೆ, ನಿಲ್ಲಿಸುತ್ತೇನೆ. ವರದಿಯಲ್ಲಿ ಸುಂದರಬಾಯಿಯ ಹೆಸರು ಬರೆಯಲು ಕಾಲಂ ಇರಲಿಲ್ಲ, ಅದಕ್ಕೇ ನಿನಗೆ ಬರೆದೆ.

ಪ್ರಹ್ಲಾದ